ಸುರಂಗದೊಳಗಿನ ಬೆಸುಗೆ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಎಲ್ ಕಮೀನೊ ರಿಯಲ್ ರಸ್ತೆ. ಸಿಗ್ನಲ್ ಕೆಂಪಾಗಿದೆ. ಎಡಗಾಲಲ್ಲಿ ಕ್ಲಚ್ ಒತ್ತಿ ಹಿಡಿದಿದ್ದೀರಿ, ಆದರೂ ಕಾರು ಮುಂದಕ್ಕೆ ಜಗ್ಗುತ್ತಿದೆ. ಇನ್ನಷ್ಟು ಒತ್ತುತ್ತೀರಿ. ಪೆಡಲ್ ಪೂರ್ತಿ ಕೆಳಗಿಳಿದಿದೆ, ಇನ್ನು ಒತ್ತಲು ಜಾಗವಿಲ್ಲ. ನಿಮ್ಮ ಬಲಮೊಣಕಾಲಿನ ಪಕ್ಕದಲ್ಲಿ, ಎರಡು ಸೀಟುಗಳ ನಡುವೆ ಉದ್ದಕ್ಕೂ ಉಬ್ಬಿಕೊಂಡಿರುವ ತಗಡಿನ ಸುರಂಗದೊಳಗೆ ಏನೋ ಗೊರ್ರ್ ಎಂದು ನರಳುತ್ತದೆ. ಮುಂದಿನ ಕಾರಿನ ಬಂಪರಿಗೂ ನಿಮಗೂ ಒಂದು ಮಾರು ದೂರ. ಬ್ರೇಕ್ ತುಳಿಯುತ್ತೀರಿ. ಎಂಜಿನ್ ಒಮ್ಮೆ ನಡುಗಿ, ಕೆಮ್ಮಿ, ನಿಂತುಹೋಗುತ್ತದೆ.

ಹಸಿರು ಬೀಳುತ್ತದೆ. ಹಿಂದಿನಿಂದ ಹಾರ್ನ್. ಗೇರನ್ನು ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಿ ಮತ್ತೆ ಫಸ್ಟ್‌ಗೆ ಹಾಕಲು ಹೋದರೆ ಗೇರ್‌ಬಾಕ್ಸ್ ಕರಕರ ಹಲ್ಲು ಕಡಿಯುತ್ತದೆ. ಅಂಗೈ ಬೆವರಿದೆ. ಉಳಿದಿರುವುದು ಒಂದೇ ದಾರಿ. ಎಂಜಿನ್ ಆಫ್ ಮಾಡುತ್ತೀರಿ, ಗೇರ್ ಕೋಲನ್ನು ಎಡಕ್ಕೆಳೆದು ಕೆಳಕ್ಕೆ ತರುತ್ತೀರಿ, ಈ ಗೇರ್‌ಬಾಕ್ಸ್‌ನಲ್ಲಿ ಫಸ್ಟ್ ಇರುವುದೇ ಅಲ್ಲಿ. ಗೇರಿನಲ್ಲಿರುವಂತೆಯೇ ಕೀ ತಿರುಗಿಸುತ್ತೀರಿ. ಸ್ಟಾರ್ಟರ್ ಮೋಟಾರು ಇಡೀ ಕಾರಿನ ಭಾರ ಹೊತ್ತು ಎಳೆಯುತ್ತದೆ, ಎಂಜಿನ್ ಹತ್ತಿಕೊಳ್ಳುತ್ತದೆ, ಕಾರು ಮುಗ್ಗರಿಸಿ ಓಡುತ್ತದೆ. ಮನೆಯವರೆಗೂ ಇನ್ನು ಫಸ್ಟ್ ಗೇರೇ. ಎದುರಿನ ಪ್ರತಿ ಸಿಗ್ನಲ್ಲನ್ನೂ ದೂರದಿಂದಲೇ ದಿಟ್ಟಿಸುತ್ತ, ಕೆಂಪಾಗಬೇಡವೆಂದು ಬೇಡಿಕೊಳ್ಳುತ್ತ ಹೋಗುತ್ತೀರಿ.

ಇದು 1973ರ ಪೋರ್ಷೆ 914. 1969ರಲ್ಲಿ ಬಂದು 1976ರಲ್ಲಿ ನಿಂತುಹೋದ ಮಾದರಿ. ಪೋರ್ಷೆ, ಫೋಕ್ಸ್‌ವ್ಯಾಗನ್ ಇಬ್ಬರೂ ಕೂಡಿ ಮಾಡಿದ್ದು. ಬಾಡಿ ಕಟ್ಟಿದ್ದು ಜರ್ಮನಿಯ ಓಸ್ನಾಬ್ರುಕ್‌ನ ಕಾರ್ಮನ್ ಕಾರ್ಖಾನೆ. ನಾಲ್ಕು ಸಿಲಿಂಡರಿನ ಎಂಜಿನ್ ಫೋಕ್ಸ್‌ವ್ಯಾಗನ್‌ನದು ಎಂಬ ಕಾರಣಕ್ಕೆ ಮೂಗು ಮುರಿದವರಿಗೆ ಆಗಲೂ ಬರವಿರಲಿಲ್ಲ, ಈಗಲೂ ಇಲ್ಲ. ಅವರನ್ನು ಈ ಕಾರಿನಲ್ಲಿ ಕೂರಿಸಿ ಒಂದು ತಿರುವು ಹಾಯಿಸಿದರೆ ಸಾಕು. ಎಂಜಿನ್ ಇರುವುದು ಸೀಟಿನ ಬೆನ್ನಿಗೇ, ಹಿಂದಿನ ಗಾಲಿಗಳ ಮುಂದೆ. ಹಾಗಾಗಿ ಕ್ಲಚ್ ಕೇಬಲ್ ಪೆಡಲ್ ಬುಡದಿಂದ ಹೊರಟು ಸುರಂಗದ ಉದ್ದಕ್ಕೂ ನಿಮ್ಮ ಪಕ್ಕದಲ್ಲೇ ಹಾದು, ಹಿಂದಿನ ಗೋಡೆ ದಾಟಿ, ಎಂಜಿನ್ನಿನ ಬದಿಯಿಂದ ಗೇರ್‌ಬಾಕ್ಸಿನ ರಾಟೆಯನ್ನು ಬಳಸಿ ಕ್ಲಚ್ಚಿನ ತೋಳನ್ನು ಮುಟ್ಟಬೇಕು. ದೂರದ ಪ್ರಯಾಣ.

ಮೊದಲ ಅನುಮಾನ ಯಾವಾಗಲೂ ಕೇಬಲ್ ಮೇಲೆ. ಬೈಗುಳವೆಲ್ಲ ಅದಕ್ಕೇ. ಗ್ಯಾರೇಜಿನಲ್ಲಿ ಕಾರನ್ನು ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ ಅಡಿಗೆ ಜಾರುತ್ತೀರಿ. ಕೇಬಲ್ಲಿನ ಒಂದು ಎಳೆಯೂ ತುಂಡಾಗಿಲ್ಲ. ರಾಟೆ ಸರಾಗವಾಗಿ ತಿರುಗುತ್ತದೆ. ತುದಿಯ ನಟ್ ಬಿಗಿದರೆ ಒಂದೆರಡು ದಿನ ತಳ್ಳಬಹುದು, ಎಷ್ಟೋ ಜನ ಹಾಗೇ ತಳ್ಳುತ್ತಾರೆ. ಆದರೆ ಆ ನರಳಾಟ ನಿಮ್ಮ ಕಿವಿಯಲ್ಲಿ ಇನ್ನೂ ಇದೆ. ಬಿಗಿದ ಕೇಬಲ್ ಹಾಗೆ ನರಳುವುದಿಲ್ಲ.

ಡ್ರೈವರ್ ಸೀಟು ತೆಗೆಯಿರಿ. ಕಾರ್ಪೆಟ್ ಮಡಚಿ, ಕಾಲೂರುವ ಪ್ಲೈವುಡ್ ಹಲಗೆಯನ್ನು ಕಳಚಿ. ಈ ಕಾರಿನ ಚಾವಣಿ ಬಿಚ್ಚಿ ಹಿಂದಿನ ಡಿಕ್ಕಿಯಲ್ಲಿಡುವಂಥದ್ದು, ಅದೊಂದು ಪುಣ್ಯ: ತಲೆಯನ್ನು ಪೆಡಲುಗಳ ಬುಡಕ್ಕೆ ತೂರಿಸಿ, ಸೊಂಟವನ್ನು ಸೀಟಿನ ಜಾಗದಲ್ಲಿಟ್ಟು, ಕಾಲುಗಳನ್ನು ಆಕಾಶಕ್ಕೆ ಚಾಚಿಕೊಳ್ಳಬಹುದು. ಹೊಸಿಲಿನ ಅಂಚು ಪಕ್ಕೆಲುಬಿಗೆ ಒತ್ತುತ್ತದೆ. ರಕ್ತವೆಲ್ಲ ತಲೆಗಿಳಿದು ಕಣ್ಣಗುಡ್ಡೆಗಳು ಭಾರವಾಗುತ್ತವೆ. ಹಳೆಯ ಗ್ರೀಸ್, ಧೂಳು, ಯಾವ ಕಾಲದ್ದೋ ಮಳೆನೀರಿನ ಮುಗ್ಗಲು ವಾಸನೆ. ಸುರಂಗದ ಮುಂತುದಿಯ ಕಿಂಡಿಯೊಳಗೆ ಎರಡು ಬೆರಳು ತೂರಿಸಿ ಕೇಬಲ್ ಸಾಗುವ ಉಕ್ಕಿನ ಕೊಳವೆಯನ್ನು ಹುಡುಕುತ್ತೀರಿ. ಸಿಕ್ಕಿತು. ತಣ್ಣಗಿದೆ.

ಬಾಗಿಲ ಹೊರಗೆ ಮಗಳು ಮರದ ಕೋಲನ್ನು ಕ್ಲಚ್ ಪೆಡಲ್ಲಿಗೆ ಕೊಟ್ಟು ನಿಂತಿದ್ದಾಳೆ.

“ಒತ್ತಲಾ ಅಪ್ಪ?”

“ಒತ್ತು ಪುಟ್ಟಾ. ನಿಧಾನಕ್ಕೆ.”

ನಿಮ್ಮ ಬೆರಳ ಕೆಳಗೆ ಕೊಳವೆ ಹೊರಳುತ್ತದೆ. ಗೊರ್ರ್. ಉಗುರನ್ನು ತಗಡಿನ ಅಂಚಿಗೆ ಒತ್ತಿ ಹಿಡಿಯುತ್ತದೆ. “ಬಿಡು, ಬಿಡು!” ಅವಳು ಕೋಲು ಸಡಿಲಿಸುತ್ತಾಳೆ, ಕೊಳವೆ ತನ್ನ ಜಾಗಕ್ಕೆ ಮರಳುತ್ತದೆ. ಬೆರಳು ಬಾಯಿಗೆ ಹೋಗುತ್ತದೆ, ರಕ್ತದ ಜೊತೆ ಗ್ರೀಸಿನ ರುಚಿ.

ಗೋಡೆಯ ಕ್ಲಾಂಪ್ ಕಿತ್ತುಬಂದ ಬಚ್ಚಲ ಪೈಪು ನಲ್ಲಿ ತಿರುಗಿಸಿದಾಗೆಲ್ಲ ಕುಣಿಯುವುದಿಲ್ಲವೇ, ಹಾಗೆ ಇದೂ. ಕೊಳವೆ ನೇರವಾಗಿಲ್ಲ, ಪೆಡಲಿನ ಕಡೆಗೆ ಬಾಗಿದೆ. ಕೇಬಲ್ ಬಿಗಿದಾಗಲೆಲ್ಲ ಆ ಬಾಗನ್ನು ನೇರ ಮಾಡಲು ಎಳೆಯುತ್ತದೆ. ಎಳೆತವನ್ನು ತಡೆದು ನಿಲ್ಲಿಸಬೇಕಾದ್ದು ಕಾರ್ಖಾನೆಯವರು ಸುರಂಗದೊಳಗೆ ಹಾಕಿದ ಚುಕ್ಕಿ ಬೆಸುಗೆ. ಟಾರ್ಚು ಬಾಯಲ್ಲಿ ಕಚ್ಚಿ, ಕನ್ನಡಿ ಒಳಗಿಟ್ಟು ನೋಡಿದರೆ ಬೆಸುಗೆ ಇದ್ದ ಕಡೆ ತುಕ್ಕಿನ ಕಲೆ, ಅದರ ನಡುವೆ ಉಜ್ಜಿ ಉಜ್ಜಿ ಹೊಳೆಯುವ ಲೋಹ. ಪೆಡಲಿನ ಓಟದಲ್ಲಿ ಒಂದು ಪಾಲನ್ನು ಈ ಕೊಳವೆಯ ಕುಣಿತವೇ ನುಂಗುತ್ತಿದೆ, ಕ್ಲಚ್ಚಿಗೆ ತಲುಪುವುದು ಉಳಿದಷ್ಟು ಮಾತ್ರ. ಹೊಸ ಕೇಬಲ್ ಹಾಕಿದ್ದರೂ ಇದೇ ಗತಿ.

ಈಗ ಕಷ್ಟದ ಲೆಕ್ಕ. ಕಿಂಡಿಯಿಂದ ಬೆರಳು ಹೋಗುತ್ತದೆ, ವೆಲ್ಡಿಂಗ್ ಗನ್ ಹೋಗುವುದಿಲ್ಲ. ಬೆಸುಗೆ ಹಾಕಬೇಕೆಂದರೆ ಸುರಂಗದ ಪಕ್ಕದ ತಗಡನ್ನೇ ಕತ್ತರಿಸಬೇಕು. ಗಟ್ಟಿಯಾಗಿರುವ, ತುಕ್ಕು ಮುಟ್ಟದ ತಗಡು. 914 ಇಟ್ಟುಕೊಂಡವರಿಗೆ ಅದರ ಬೆಲೆ ಗೊತ್ತು. ಬ್ಯಾಟರಿಯಿಂದ ಇಳಿದ ಆಸಿಡ್ ಎಂಜಿನ್ ಪಕ್ಕದ ಮೂಲೆಯನ್ನು ತಿಂದು ಎಷ್ಟೋ ಕಾರುಗಳು ಗುಜರಿ ಸೇರಿವೆ. ಎಪಾಕ್ಸಿ ಸುರಿದು ಅಂಟಿಸಬಾರದೇ? ಒಂದಷ್ಟು ದಿನ ನಿಲ್ಲಬಹುದು, ಪ್ರತಿ ಸಿಗ್ನಲ್ಲಿನ ಎಳೆತಕ್ಕೆ ಯಾವತ್ತು ಕಿತ್ತು ಬರುತ್ತದೋ ಎಂಬ ಭಯ ಮಾತ್ರ ಕಾಯಂ.

ಅದಕ್ಕಿಂತ ದೊಡ್ಡ ಭಯ ಅದೇ ಸುರಂಗದಲ್ಲಿ ಮಲಗಿದೆ. ಪೆಟ್ರೋಲ್ ಟ್ಯಾಂಕ್ ಮುಂದೆ, ಎಂಜಿನ್ ಹಿಂದೆ. ಎರಡರ ನಡುವೆ ಎರಡು ಪ್ಲಾಸ್ಟಿಕ್ ಪೈಪುಗಳು, ಪೆಟ್ರೋಲ್ ಒಯ್ಯಲು ಒಂದು, ಮಿಕ್ಕದ್ದನ್ನು ವಾಪಸ್ ತರಲು ಇನ್ನೊಂದು. ಕ್ಲಚ್ ಕೊಳವೆಯಿಂದ ಅಂಗೈ ದೂರದಲ್ಲಿ. ಐವತ್ತು ವರ್ಷದ ಪ್ಲಾಸ್ಟಿಕ್. ಅದರ ಪಕ್ಕದಲ್ಲಿ ಕಿಡಿ ಹಾರಿಸಲು ಹೊರಟಿದ್ದೀರಿ.

ಬ್ಯಾಟರಿ ಕಳಚುತ್ತೀರಿ. ಟ್ಯಾಂಕಿನ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿ, ಟ್ಯಾಂಕನ್ನೇ ಎತ್ತಿ ಅಂಗಳದಾಚೆಗೆ ಒಯ್ದು ಇಡುತ್ತೀರಿ. ಮೊದಲ ಪೈಪು ಹಿಂದಿನಿಂದ ಎಳೆದರೆ ಬರುತ್ತದೆ. ಎರಡನೆಯದು ಅರ್ಧ ದಾರಿಯಲ್ಲಿ ಹಿಡಿಯುತ್ತದೆ. ತುಸು ಜಗ್ಗುತ್ತೀರಿ. ಟಕ್. ಕೈಯಲ್ಲಿ ಹಳದಿಗಟ್ಟಿದ ತುಂಡು ಉಳಿಯುತ್ತದೆ, ಉಳಿದರ್ಧ ಸುರಂಗದೊಳಗೆ. ಅದರ ಬಾಯಿಂದ ಪೆಟ್ರೋಲ್ ತೊಟ್ಟಿಕ್ಕುವ ಸದ್ದು, ಬೆನ್ನಿಗೇ ಮೂಗು ಸುಡುವ ವಾಸನೆ. ಮೈ ಜುಮ್ಮೆನ್ನುತ್ತದೆ. ಮೊನ್ನೆ ಮೊನ್ನೆಯವರೆಗೂ ಇದೇ ಪೈಪಿನ ಪಕ್ಕದಲ್ಲಿ ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುತ್ತಿದ್ದಿರಿ.

ಇವತ್ತೇ ಮುಗಿಸುವ ಆಸೆ ಇದ್ದರೆ ಇಲ್ಲೇ ಬಿಡಿ. ತುಂಡನ್ನು ಮುಂದಿನಿಂದ ಎಳೆದು ತೆಗೆದು, ಒಳಗೆ ಬಟ್ಟೆ ತೂರಿಸಿ ಒರೆಸಿ, ಗ್ಯಾರೇಜ್ ಬಾಗಿಲು ಹಾರುಹೊಡೆದು ಮಲಗಲು ಹೋಗಿ.

ಬೆಳಿಗ್ಗೆ ಸುರಂಗಕ್ಕೆ ಮೂಗಿಟ್ಟು ಮೂಸುತ್ತೀರಿ. ಮಗಳನ್ನೂ ಮೂಸಿಸುತ್ತೀರಿ, ನಿಮ್ಮ ಮೂಗಿನ ಮೇಲೆ ನಿಮಗೇ ನಂಬಿಕೆಯಿಲ್ಲ. “ಏನೂ ಇಲ್ಲಪ್ಪ,” ಅನ್ನುತ್ತಾಳೆ. ಗುರುತು ಹಾಕಿದ ಗೆರೆಯ ಮೇಲೆ ಕಟಿಂಗ್ ವ್ಹೀಲ್ ಇಟ್ಟು ಒಂದು ಕ್ಷಣ ತಡೆಯುತ್ತೀರಿ. ಇದರ ನಂತರ ಹಿಂದೆ ಸರಿಯುವಂತಿಲ್ಲ. ಆಮೇಲೆ ಕಿರುಚಾಟ, ಕಿಡಿ, ಸುಟ್ಟ ಬಣ್ಣದ ಘಾಟು. ಅಂಗೈಯಗಲದ ಚೌಕ ಕಳಚಿ ಕೈಗೆ ಬರುತ್ತದೆ, ಅಂಚು ಇನ್ನೂ ಸುಡುತ್ತಿದೆ.

ಕೊಳವೆ ಈಗ ಕಣ್ಣೆದುರೇ ಇದೆ. ಕೇಬಲ್ಲನ್ನು ಹೊರಗೆಳೆದಾಗಿದೆ. ಕೊಳವೆಯನ್ನು ಅದರ ಹಳೆಯ ಗುರುತಿಗೇ ಕೂರಿಸಬೇಕು, ಬಾಗು ಹೆಚ್ಚಾದರೆ ಕೇಬಲ್ ಒಳಗೆ ಉಜ್ಜುತ್ತದೆ. ಬಾಗಿಸಿಟ್ಟುಕೊಂಡ ತಗಡಿನ ಪಟ್ಟಿಯನ್ನು ಅದಕ್ಕೆ ಸುತ್ತಿ, ಸುರಂಗದ ಗೋಡೆಗೆ ಒತ್ತಿ ಕ್ಲಾಂಪ್ ಬಿಗಿಯುತ್ತೀರಿ. ಕೊಳವೆಯ ಗೋಡೆ ತೆಳು. ಬೆಸುಗೆ ಕಡಿಮೆಯಾದರೆ ಮತ್ತೆ ಕಿತ್ತು ಬರುತ್ತದೆ, ಹೆಚ್ಚಾದರೆ ತೂತು ಬೀಳುತ್ತದೆ. ಹಾಗಾಗಿ ಒಂದು ಚುಕ್ಕಿ, ನಿಲುಗಡೆ, ಇನ್ನೊಂದು ಚುಕ್ಕಿ. ಮಗಳು ಒದ್ದೆ ಬಟ್ಟೆಯ ಬಕೆಟ್, ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಟುಕೊಂಡು ಆಚೆ ಬದಿಯಲ್ಲಿ ಕೂತಿದ್ದಾಳೆ.

ಮುಖವಾಡ ಇಳಿಸುತ್ತೀರಿ. ಕತ್ತಲು. ಟ್ರಿಗರ್ ಒತ್ತಿದರೆ ಜಗತ್ತೆಲ್ಲ ಒಂದು ಹಸಿರು ಬಿಂದುವಾಗುತ್ತದೆ. ಜಿರ್ರ್. ಬಿಡಿ. ಒಂದು ಕಿಡಿ ಕಾಲರಿನೊಳಗೆ ಇಳಿದು ಎದೆಯ ಮೇಲೆ ಉರುಳುತ್ತದೆ, ಅಲುಗಾಡುವಂತಿಲ್ಲ, ಹಲ್ಲು ಕಚ್ಚುತ್ತೀರಿ. ಜಿರ್ರ್. ಬಿಡಿ. ಜಿರ್ರ್.

“ಅಪ್ಪಾ, ಹೊಗೆ!”

ಮುಖವಾಡ ಎತ್ತುತ್ತೀರಿ. ಏನೂ ಕಾಣದು, ಕಣ್ಣಲ್ಲಿ ಹಸಿರು ಕಲೆಯೊಂದೇ. ಕಪ್ಪು ಹೊಗೆ ಗಂಟಲು ಹಿಡಿಯುತ್ತದೆ. ಪೆಟ್ರೋಲಾ? ತಲೆ ಎತ್ತಲು ಹೋಗಿ ಸ್ಟೀರಿಂಗಿಗೆ ಬಡಿಯುತ್ತೀರಿ. ಮೂಗು ಏನು ಹೇಳುತ್ತದೆ? ಟಾರು. ರಸ್ತೆಗೆ ಹಾಕುವ ಟಾರಿನ ವಾಸನೆ. ಸದ್ದಡಗಿಸಲು ಕಾರ್ಖಾನೆಯವರು ನೆಲದ ತಗಡಿಗೆ ಅಂಟಿಸಿದ ಟಾರು ಕಾವಿಗೆ ಕರಗಿ ಹತ್ತಿಕೊಂಡಿದೆ. ಬೆರಳುದ್ದದ ಉರಿ. “ಬಟ್ಟೆ!” ಅವಳು ಆಗಲೇ ಎಸೆದಿದ್ದಾಳೆ. ಒದ್ದೆ ಬಟ್ಟೆ ಚುಂಯ್ ಎನ್ನುತ್ತದೆ. ಉರಿ ಆರಿದೆ. ನಿಮ್ಮ ಕೈ ಮಾತ್ರ ಬಟ್ಟೆಯನ್ನು ಇನ್ನೂ ಒತ್ತಿಯೇ ಹಿಡಿದಿದೆ.

ಟಾರನ್ನು ಇನ್ನಷ್ಟು ದೂರದವರೆಗೆ ಕೆರೆದು ತೆಗೆದ ಮೇಲೆ ಉಳಿದ ಚುಕ್ಕಿಗಳು. ಬೆಸುಗೆ ತಣಿಯಲು ಬಿಟ್ಟು, ಪರೀಕ್ಷೆಗೆ ಹಳೆಯ ಕೇಬಲ್ಲನ್ನೇ ಮುಂದಿನಿಂದ ತಳ್ಳುತ್ತೀರಿ. ಬೆಸುಗೆಯ ಜಾಗ ಬಂತು. ಒಳಗೆ ಲೋಹ ಉಬ್ಬಿದ್ದರೆ ಇಲ್ಲೇ ತಡೆಯಬೇಕು. ತಡೆಯಲಿಲ್ಲ. ಮುಂದಕ್ಕೆ ಜಾರುತ್ತ ಹೋಗಿ, ಕೊನೆಯಲ್ಲಿ ಗಕ್ಕನೆ ನಿಲ್ಲುತ್ತದೆ. ಉಸಿರೂ ನಿಲ್ಲುತ್ತದೆ. ಕೇಬಲ್ಲನ್ನು ಬೆರಳಲ್ಲಿ ತಿರುವಿ ಮತ್ತೆ ತಳ್ಳಿದರೆ ಹಿಂದಿನ ಗೋಡೆಯ ರಬ್ಬರನ್ನು ದಾಟಿ ಹೊರಬೀಳುತ್ತದೆ.

ಉಳಿದದ್ದು ಬೇಗ ಹೇಳಿಬಿಡಬಹುದು. ಬೆಸುಗೆಗೆ ತುಕ್ಕು ಹಿಡಿಯದಂತೆ ಪ್ರೈಮರ್. ಪ್ಲಾಸ್ಟಿಕ್ ಪೈಪುಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನವು, ಇಲ್ಲಿ ದುಡ್ಡು ಉಳಿಸುವ ಮಾತೇ ಇಲ್ಲ. ಹೊಸ ಕೇಬಲ್. ಹಲಗೆಯ ಮೇಲಿನ ಪೆಡಲ್ ಸ್ಟಾಪನ್ನು ಸರಿಯಾಗಿ ಕೂರಿಸಿದ್ದೀರಿ. ಅದು ತಪ್ಪಿದ್ದರೆ ಕಾಲು ಬೇಕಾದ್ದಕ್ಕಿಂತ ಹೆಚ್ಚು ತುಳಿದು ಆ ಭಾರವನ್ನೂ ಕೇಬಲ್ ಹೊರಬೇಕಾಗುತ್ತದೆ. ಪೆಡಲಿನಲ್ಲಿ ಸ್ವಲ್ಪ ಪ್ಲೇ ಉಳಿಯುವಂತೆ ತುದಿಯ ನಟ್ ಬಿಗಿದಾಗಿದೆ.

ಮಗಳು ಮತ್ತೆ ಕೋಲು ಕೊಡುತ್ತಾಳೆ. ಕೊಳವೆಯ ಮೇಲೆ ನಿಮ್ಮ ಬೆರಳು, ಈ ಸಲ ಉಗುರನ್ನು ಅಂಚಿನಿಂದ ದೂರವಿಟ್ಟು. ಒತ್ತುತ್ತಾಳೆ. ಕೇಬಲ್ ಸಾಗುವ ಸಣ್ಣ ಕಂಪನ ಬೆರಳಿಗೆ ತಿಳಿಯುತ್ತದೆ. ಕೊಳವೆ ಕದಲುವುದಿಲ್ಲ.

ಕೊನೆಯ ಪರೀಕ್ಷೆ ರಿವರ್ಸ್ ಗೇರಿನದು. ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊ ಅದಕ್ಕಿಲ್ಲ, ಕ್ಲಚ್ ಒಂದಿಷ್ಟು ಹಿಡಿದಿದ್ದರೂ ಹಲ್ಲು ಕಡಿದು ಚಾಡಿ ಹೇಳುತ್ತದೆ. ಎಂಜಿನ್ ಬೆನ್ನ ಹಿಂದೆ ಗುರುಗುಡುತ್ತಿದೆ. ಕ್ಲಚ್ ಒತ್ತಿ, ಒಂದು ಉಸಿರು ತಡೆದು, ಎಡಕ್ಕೆಳೆದು ಮೇಲಕ್ಕೆ ತಳ್ಳುತ್ತೀರಿ. ಟಕ್ ಎಂದು ಕೂರುತ್ತದೆ.

“ಆ ಕಿಂಡಿ ವೆಲ್ಡ್ ಮಾಡಿ ಮುಚ್ಚಲ್ವಾ?” ಎಡಬಾಗಿಲಿಗೆ ಒರಗಿ ಮಗಳು ಕೇಳುತ್ತಾಳೆ.

“ತಗಡಿಟ್ಟು ಸ್ಕ್ರೂ ಹಾಕ್ತೀನಿ. ಮುಂದೆ ಬಿಚ್ಚೋಳು ನೀನೇ ಅಲ್ವಾ?”

“ಹಾಗಾದ್ರೆ ನಂಗೆ ಮೊದಲು ಓಡ್ಸೋಕೆ ಕಲಿಸು,” ಅನ್ನುತ್ತಾಳೆ.