ನಮ್ಮ ಕಡೆಯ ಯಾಟ್

ರಾಯಚೂರಿನಿಂದ ಸಮುದ್ರ ಬಹಳ ದೂರ. ಯಾಟ್ ಅನ್ನೋದನ್ನ ನಾವು ನೋಡಿರೋದು ರೀಲ್ಸ್‌ನಲ್ಲಿ ಮಾತ್ರ: ಬಿಳಿ ಹಾಯಿ, ಕೂಲಿಂಗ್ ಗ್ಲಾಸು, ಕೈಯಲ್ಲಿ ಜ್ಯೂಸು. ಆದರೆ ಮ್ಯಾಪ್ ತೆಗೆದು ನೋಡಿದ್ರೆ ನಮಗೇನೂ ನೀರಿನ ಬರ ಇಲ್ಲ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಎರಡು ನದಿಗಳ ನಡುವಿನ ನಾಡು ಅಂತಲೇ ಇದಕ್ಕೆ ದೋಆಬ್ ಅನ್ನೋ ಹೆಸರು. ಆದ್ರೂ ನಮ್ಮ ಗುಂಪಿನ ದೇವದುರ್ಗದ ಗೆಳೆಯನಿಗೆ ಕೃಷ್ಣಾ ಅಂದ್ರೆ ತಿಂಥಣಿ ಬ್ರಿಜ್, ಮಾನ್ವಿ ಗೆಳತಿಗೆ ತುಂಗಭದ್ರಾ ಅಂದ್ರೆ ಮಂತ್ರಾಲಯಕ್ಕೆ ಹೋಗೋವಾಗ ಸಿಗೋ ಸೇತುವೆ. ಬಸ್ಸಿನ ಕಿಟಕಿಯಿಂದ ಒಂದು ರೂಪಾಯಿ ಎಸೆದು ಕೈಮುಗಿದರೆ ನದಿ ಮುಗೀತು.

ಈ ಸಲ ಇಂಟರ್ನಲ್ಸ್ ಮುಗಿದ ಮೇಲೆ ಒಂದು ಭಾನುವಾರ ಪೂರ್ತಿ ನೀರಿನ ಮೇಲೇ ಕಳೆಯೋಣ ಅಂದ್ಕೊಂಡ್ವಿ. ರಾಯಚೂರಿನಿಂದ ಬಸ್ಸಿನಲ್ಲಿ ಆತ್ಕೂರು. ಅಲ್ಲಿಂದ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ ಕುರವಪುರದ ನಡುಗಡ್ಡೆಗೆ ತೆಪ್ಪ.

"ಎಲ್ಲಾರೂ ಒಂದೇ ಕಡಿ ಕುಂದ್ರಬ್ಯಾಡ್ರಿ ತಮ್ಮಾ, ಸುತ್ತ ಕುಂದ್ರ್ರಿ. ನೀರಾಗ ಕೈ ಇಡಬ್ಯಾಡ್ರಿ, ಮೊಸಳಿ ಅದಾವ" ಅಂದ್ರು ತೆಪ್ಪದ ತಾತ. ನಮ್ಮ ಸೇಫ್ಟಿ ಬ್ರೀಫಿಂಗ್ ಅಷ್ಟೇ.

ದರ್ಶನ ಆದ ಮೇಲೆ ತಾತನಿಗೆ ಸಂಜೆವರೆಗೂ ಗಿರಾಕಿ ಇರಲಿಲ್ಲ. ದಂಡೆ ಗುಂಟ ನಿಧಾನಕ್ಕೆ ಕರ್ಕೊಂಡು ಹೋದ್ರು. ಒಂದು ಬಂಡೆ ಹತ್ರ ನಿಲ್ಲಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಬಿಚ್ಚಿದ್ವಿ. ತಾತನೂ ನಮ್ಮ ಜೊತೆ ಉಂಡರು. ಬೆಳ್ಳಕ್ಕಿಗಳು ನಮ್ಮನ್ನ ಕ್ಯಾರೇ ಅನ್ನಲಿಲ್ಲ. ಮೊಬೈಲಿನಲ್ಲಿ "ವೆಲ್ಕಮ್ ಟು ತೆಲಂಗಾಣ" ಅಂತ ಮೆಸೇಜ್ ಬಂತು. ಎದುರಿನ ದಂಡೆ ಬೇರೆ ರಾಜ್ಯದ್ದು.

ಊಟ ಆದ ಮೇಲೆ ಹುಟ್ಟು ಕೊಡ್ರಿ ಅಂತ ಇಸ್ಕೊಂಡ್ವಿ. ಹುಟ್ಟು ಅಂದ್ರೆ ಜನ್ಮ ಅಂತ ಮಾತ್ರ ಗೊತ್ತಿದ್ದ ಇಂಗ್ಲಿಷ್ ಮೀಡಿಯಂ ನಮಗೆ, ಅದು ದೋಣಿ ನಡೆಸೋ ಕೋಲಿನ ಹೆಸರೂ ಹೌದು ಅಂತ ತಿಳಿದದ್ದು ಅವತ್ತೇ. ಪಕ್ಕದಿಂದ ತಳ್ಳಿದ್ವಿ, ತೆಪ್ಪ ಗಿರಗಿರ ತಿರುಗಿತು. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನ ಟಾರ್ಕ್ ಕಣ್ಣೆದುರಿಗೇ ಇತ್ತು. ತಾತ ಮಾಡಿ ತೋರಿಸಿದ್ರು: ಹುಟ್ಟನ್ನ ಮುಂದೆ ನೀರಿಗೆ ಹಾಕಿ ತಮ್ಮ ಕಡೆಗೆ ಎಳೆಯಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬಲ ಮುಂದಿನಿಂದ ಬಂದರೆ ದುಂಡನೆಯ ದೋಣಿನೂ ನೆಟ್ಟಗೆ ಬರುತ್ತೆ.

ಯಾಟ್‌ಗೆ ಕೆಳಗೆ ಕೀಲ್ ಇರುತ್ತೆ. ಗಾಳಿ ಪಕ್ಕಕ್ಕೆ ತಳ್ಳಿದಾಗ ಜಾರದ ಹಾಗೆ ಅದು ನೀರನ್ನ ಹಿಡ್ಕೊಳ್ಳುತ್ತೆ. ನಮ್ಮ ಕೃಷ್ಣೆಯ ಬಂಡೆಗಳ ಮೇಲೆ ಆ ಕೀಲ್ ಮೊದಲ ದಿನವೇ ಮುರಿದುಹೋಗ್ತಿತ್ತು. ಚಪ್ಪಟೆ ತಳದ ತೆಪ್ಪಕ್ಕೆ ಮೊಳಕಾಲುದ್ದ ನೀರಿದ್ದರೂ ಸಾಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್, ಬುಟ್ಟಿಯಂಥ ಈ ದೋಣಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ಚರ್ಮ ಹೊದಿಸ್ತಿದ್ರು. ತಾತನ ತೆಪ್ಪಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು. ಒಳಗಿನ ಬಿದಿರಿನ ಹೆಣಿಗೆ ಮಾತ್ರ ಬುಟ್ಟಿಯದೇ.

ಮರಳಿ ಬರುವಾಗ ದಂಡೆಯಲ್ಲಿ ಒಬ್ಬರು ಬೈಕ್ ಸಮೇತ ಕಾಯ್ತಿದ್ರು. ಇಬ್ಬರು ಹಿಡಿದು ಬೈಕನ್ನ ತೆಪ್ಪಕ್ಕೆ ಇಳಿಸಿದ್ರು. ನಮಗೆ ಅದು ಭಾನುವಾರದ ಮಜಾ, ಅವರಿಗೆ ರಸ್ತೆ. ಮಳೆಗಾಲದಲ್ಲಿ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಆ ರಸ್ತೆ ಬಂದ್. 2020ರ ಆಗಸ್ಟ್‌ನಲ್ಲಿ ಇದೇ ಹೊಳೆಯಲ್ಲಿ ಕುರವಕಲಾ ಊರಿನವರಿದ್ದ ತೆಪ್ಪ ಮಗುಚಿ ಜನ ಕೊಚ್ಚಿಹೋಗಿದ್ರು. ಆಗ ಹೈಸ್ಕೂಲಿನಲ್ಲಿದ್ದ ನಮಗೆ ಅದು ಟಿವಿಯ ಕೆಳಗೆ ಓಡೋ ಒಂದು ಸಾಲು ಮಾತ್ರ ಆಗಿತ್ತು.

"ಬ್ರಿಜ್ ಆದ್ರ ನಿಮ್ಮ ಕೆಲಸ ಹೋಗ್ತದಲ್ಲ ತಾತ?" ಅಂತ ಕೇಳಿದ್ವಿ.

"ಹೋಗ್ಲಿ ಬಿಡ್ರಿ. ರಾತ್ರಿ ಯಾರಿಗರ ಹೊಟ್ಟಿ ನೋವು ಬಂದ್ರ ನನ್ನ ಎಬ್ಬಸ್ತಾರ. ಹೊಳಿ ತುಂಬಿದ್ರ ನಾ ಏನ್ ಮಾಡ್ಲಿ? ಮೊಮ್ಮಗ ಹುಟ್ಟು ಹಿಡಿಯೋದು ಬ್ಯಾಡ."

ನಡುಗಡ್ಡೆ ಜನ ಸೇತುವೆ ಕೇಳ್ತಾ ವರ್ಷಗಳೇ ಆದ್ವು. ಅದು ಬೇಗ ಬರಲಿ. ಸಿವಿಲ್ ಓದ್ತಿರೋ ನಮ್ಮಿಬ್ಬರಿಗೆ ಅವತ್ತಿನಿಂದ ಬ್ರಿಜ್ ಬರೀ ಒಂದು ಸಬ್ಜೆಕ್ಟ್ ಅಲ್ಲ. ಆದರೆ ತಾತನ ಕೈಯ ವಿದ್ಯೆ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಇಲ್ಲ. ಹೆಣಿಗೆ, ಹುಟ್ಟು ಎಳೆಯೋ ರೀತಿ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡು ಬಂದಿದ್ದೀವಿ. ಹೊಳೆ ದಂಡೆಯ ಊರಿನವರು ಕ್ಲಬ್ಬಿನಲ್ಲಿ ಯಾರಾದ್ರೂ ಇದ್ರೆ, ರಜೆಗೆ ಹೋದಾಗ ನಿಮ್ಮ ಕಡೆ ತಾತಂದಿರನ್ನೂ ಕೇಳ್ಕೊಂಡು ಬರ್ರಿ.