‘ಆಕ್ಸಿಡೆಂಟ್’ ಅಂತ ಬರೆದುಬಿಟ್ಟರೆ ಮುಗೀತಾ?

ನಾನು ಗುಮಾಸ್ತ. ಫೈಲಿನ ಮೊದಲ ಹಾಳೆಯಲ್ಲಿ ಏನಿರುತ್ತೋ ಅದನ್ನೇ ಮುಂದಿನ ಹಾಳೆಗಳೂ ನಕಲು ಮಾಡ್ತವೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ರೊನಾಲ್ಡ್ ಗ್ರೀನ್ ಪ್ರಕರಣ ನನ್ನನ್ನು ಬಿಡ್ತಾ ಇಲ್ಲ.

ಗ್ರೀನ್ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಸತ್ತ ಕಪ್ಪು ಮನುಷ್ಯ. ವಯಸ್ಸು 49, ಕ್ಷೌರದ ಕೆಲಸ. 2019ರ ಮೇ 10ರಂದು ಸಂಚಾರ ನಿಯಮ ಮುರಿದರೆಂದು ಪೊಲೀಸರು ತಡೆದಾಗ ಕಾರು ನಿಲ್ಲಿಸಲಿಲ್ಲ, ಪೊಲೀಸರು ಬೆನ್ನಟ್ಟಿದರು. ಇದು ನಿಜ, ಮುಚ್ಚಿಡುವುದೇನೂ ಇಲ್ಲ. ಆದರೆ ರಾಜ್ಯ ಪೊಲೀಸರು ಮನೆಯವರಿಗೆ ಹೇಳಿದ್ದೇನು? ಕಾರು ಮರಕ್ಕೆ ಗುದ್ದಿ ಸತ್ತರು ಅಂತ. ಅಪಘಾತದ ಮೊದಲ ವರದಿಯಲ್ಲಿ ಹೊಡೆದ ವಿಷಯವೇ ಇಲ್ಲ!

ಕಾರಿಗಾದ ಪೆಟ್ಟಿಗೂ ಮೈಮೇಲಿನ ಗಾಯಕ್ಕೂ ತಾಳೆ ಆಗಲಿಲ್ಲ. ತಾಯಿ ಮೋನಾ ಹಾರ್ಡಿನ್ ಸುಮ್ಮನಾಗಲಿಲ್ಲ. ಪೊಲೀಸರ ಮೈಮೇಲಿನ ಕ್ಯಾಮೆರಾದ ವಿಡಿಯೋ ಎರಡು ವರ್ಷ ಹೊರಬರಲಿಲ್ಲ. 2021ರ ಮೇನಲ್ಲಿ ಅಸೋಸಿಯೇಟೆಡ್ ಪ್ರೆಸ್ ಅದನ್ನು ಬಯಲು ಮಾಡಿತು. ಗುದ್ದಿದ ಮೇಲೂ ಜೀವ ಇತ್ತು. ‘ಹೆದರಿಕೆ ಆಗ್ತಿದೆ’ ಅಂತ ಬೇಡಿಕೊಳ್ತಿದ್ದ ಮನುಷ್ಯನಿಗೆ ಕರೆಂಟ್ ಗನ್‌ನಿಂದ ಶಾಕ್ ಕೊಟ್ಟರು, ಗುದ್ದಿದರು, ಕಾಲಿಗೂ ಬೇಡಿ ಹಾಕಿ ಎಳೆದಾಡಿದರು, ಬೋರಲಾಗಿ ಮಲಗಿಸಿಟ್ಟರು.

2022ರ ಡಿಸೆಂಬರಿನಲ್ಲಿ ಐವರು ಅಧಿಕಾರಿಗಳ ಮೇಲೆ ದೋಷಾರೋಪ ಬಂತು. ಸಾವಿಗೆ ಕಾರಣರಾದ ಆರೋಪವನ್ನೂ ಆಮೇಲೆ ಕೈಬಿಟ್ಟರು, ಸಣ್ಣ ಅಪರಾಧಗಳಷ್ಟೇ ಉಳಿದವು. 2025ರ ಜನವರಿಯಲ್ಲಿ ಕೇಂದ್ರ ನ್ಯಾಯ ಇಲಾಖೆಯೂ ಕೇಸ್ ಹಾಕಲ್ಲ ಅಂದಿತು. ಸತ್ಯ ಹೊರಬಂತು, ನ್ಯಾಯ ಬರಲಿಲ್ಲ. ಆದರೆ ವಿಡಿಯೋ ಇಲ್ಲದಿದ್ದರೆ ಸತ್ಯವೂ ಬರ್ತಿರಲಿಲ್ಲ.

ನಮ್ಮ ಕೇರಿಯ ಹುಡುಗ ರಸ್ತೆ ಬದಿ ಹೆಣವಾಗಿ ಸಿಕ್ಕಾಗ ನಮಗೂ ಮೊದಲು ಕೇಳಿಸೋದು ಇದೇ ಮಾತು: ‘ಆಕ್ಸಿಡೆಂಟ್ ಕಣ್ರೀ, ಸಹಿ ಹಾಕಿ.’ ನಿಜವಾಗಿ ಅಪಘಾತವೇ ಆಗಿರಬಹುದು. ಅದನ್ನು ತನಿಖೆ ಹೇಳಲಿ, ಮೊದಲ ಹಾಳೆ ಅಲ್ಲ.

ಆದ್ದರಿಂದ ಬಂಧುಗಳೇ, ಮಹಜರನ್ನು ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿ. ಗಾಡಿ ಎತ್ತೋ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೀರಿ. ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆಯೋದು ದೂರುದಾರರ ಹಕ್ಕು, ಬಿಡಬೇಡಿ. ಜಾತಿ ದೌರ್ಜನ್ಯದ ಅನುಮಾನವಿದ್ದರೆ ದೂರಿನಲ್ಲೇ ಬರೆಸಿ. 1989ರ ದೌರ್ಜನ್ಯ ತಡೆ ಕಾಯ್ದೆಯ ಕೇಸನ್ನು ಡಿವೈಎಸ್ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ದುಃಖದ ಹೊತ್ತಲ್ಲಿ ಇದೆಲ್ಲ ನೆನಪಾಗಲ್ಲ, ನಿಜ. ಅದಕ್ಕೇ ಪಕ್ಕದಲ್ಲಿ ಒಬ್ಬರು ಓದು ಬಲ್ಲವರು ನಿಂತಿರಬೇಕು. ಆ ಒಬ್ಬರು ನೀವೇ ಆಗಿ.

ಜೈ ಭೀಮ್.