ಎರಡನೇ ದುರ್ಯೋಧನ

ನಮ್ಮ ರಾಜ್ಯದ ಸರ್ಕಾರಿ ಕಚೇರಿಗಳಲ್ಲಿ ಮೇ 31 ಎಂದರೆ ನಿವೃತ್ತಿಯ ಹಾರ, ಶಾಲುಗಳ ಸುಗ್ಗಿ. ಕಾರಣ ಹಳೆಯದು: ಶಾಲೆಗೆ ಸೇರಿಸುವಾಗ ಮಗ ಹುಟ್ಟಿದ ತಾರೀಖು ಅಪ್ಪನಿಗೆ ಗೊತ್ತಿರಲಿಲ್ಲ. ಅವ್ವನಿಗೆ ನೆನಪಿದ್ದದ್ದು ‘ರಾಗಿ ಕುಯ್ಲಿನ ಹೊತ್ತು’ ಎಂಬುದಷ್ಟೇ. ಹೆಡ್‌ಮೇಷ್ಟ್ರು ಜೂನ್ 1 ಎಂದು ಗೀಚಿ ಕೈತೊಳೆದುಕೊಂಡರು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹಾಗಾಗಿ ಅರವತ್ತು ತುಂಬಿದವರ ದೊಡ್ಡದೊಂದು ದಂಡೇ ಆ ಸಂಜೆ ಮೈಸೂರು ಪೇಟ ಸುತ್ತಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು, ಫೋಟೋಕ್ಕೆ ನಿಲ್ಲುತ್ತದೆ. ‘ಇವರ ಸ್ಥಾನ ತುಂಬೋಕೆ ಯಾರಿಂದಲೂ ಸಾಧ್ಯವಿಲ್ಲ’ ಎಂದು ಭಾಷಣವಾಗುತ್ತದೆ. ಮಾರನೇ ಬೆಳಿಗ್ಗೆ ಇನ್‌ಚಾರ್ಜ್ ಸಾಹೇಬರು ಅದೇ ಕುರ್ಚಿಯ ಮೇಲೆ ಹೊಸ ಟವೆಲ್ ಹಾಸಿ ಕೂತಿರುತ್ತಾರೆ.

ಇತ್ತ ಮನೆಯಲ್ಲಿ ಪೇಪರಿನ ಟೆಂಡರ್ ಜಾಹೀರಾತನ್ನೂ ಬಿಡದೆ ಓದಿ ಮುಗಿಸಿದ ನಿವೃತ್ತರು ಅಡುಗೆಮನೆಗೆ ತಪಾಸಣೆಗೆ ಹೊರಡುತ್ತಾರೆ. ಸಾಸಿವೆ ಡಬ್ಬಿ ಇಲ್ಲಿ ಯಾಕೆ, ಗ್ಯಾಸ್ ಬುಕ್ ಮಾಡಿದ ದಾಖಲೆ ಎಲ್ಲಿ? ಹೆಂಡತಿಯ ಹುದ್ದೆಗೆ ಸೇವಾ ಪುಸ್ತಕವೂ ಇಲ್ಲ, ಮೇ 31 ಕೂಡ ಇಲ್ಲ; ಪುಣ್ಯಕ್ಕೆ ತಾಳ್ಮೆಯಿದೆ. ಗೇಟಿನ ಕಲ್ಲಿನಲ್ಲಿ ಹೆಸರಿನ ಕೆಳಗೆ ‘ನಿವೃತ್ತ’ ಎಂದು ಕೆತ್ತಿಸುವ ಕೆಲಸ ಮಾತ್ರ ಬೇಗ ಮುಗಿಯುತ್ತದೆ.

ನಗುವುದು ಸುಲಭ. ಆದರೆ ಉದ್ಯೋಗವನ್ನೇ ಹೆಸರು ಮಾಡಿಕೊಳ್ಳುವುದು ನಮಗೆ ಹೊಸದಲ್ಲ. ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾನೂನು ಬಂದದ್ದು 1961ರಲ್ಲಿ. ಶಾನುಭೋಗಿಕೆ, ಪಟೇಲಿಕೆ ಹೋಗಿ ಎಷ್ಟು ಕಾಲವಾಯಿತು! ಇವತ್ತಿಗೂ ಊರಲ್ಲಿ ದಾರಿ ಕೇಳಿದರೆ ‘ಶಾನುಭೋಗರ ಮನೆ ಪಕ್ಕದ ಸಂದಿ’ ಎನ್ನುತ್ತಾರೆ. ಆ ಮನೆಯ ಹುಡುಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಬರೆಯುತ್ತಿರುತ್ತಾನೆ.

ಹುದ್ದೆಯನ್ನೇ ಹೆಸರು ಮಾಡಿಕೊಳ್ಳುವ ಈ ಚಟಕ್ಕೊಂದು ಮದ್ದು ನಮ್ಮ ಮಂಡ್ಯ, ತುಮಕೂರು ಸೀಮೆಯಲ್ಲೇ ಇದೆ. ‘ಕುರುಕ್ಷೇತ್ರ’ ನಾಟಕ. ಊರ ಬಾಗಿಲಿಗೆ ಕಟ್ಟಿದ ಫ್ಲೆಕ್ಸ್‌ನಲ್ಲಿ ಕಿರೀಟ ತೊಟ್ಟ ಮುಖಗಳು ಸಾಲಾಗಿರುತ್ತವೆ: ಒಬ್ಬರು ಬಸ್ ಕಂಡಕ್ಟರ್, ಒಬ್ಬರು ಡೇರಿ ಕಾರ್ಯದರ್ಶಿ, ಒಬ್ಬರು ಬೆಸ್ಕಾಂ ಲೈನ್‌ಮನ್, ಉಳಿದವರು ರೈತರು. ಇಲ್ಲಿ ಪಾತ್ರಕ್ಕೆ ಸಂಬಳವಿಲ್ಲ, ಪಾತ್ರಧಾರಿಯೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನರ ದರ ಹೆಚ್ಚು. ಸಾತ್ಯಕಿ, ವಿದುರರದು ಕಡಿಮೆ. ಆಸೆಪಡುವವರು ಹೆಚ್ಚಾದರೆ ಒಂದೇ ನಾಟಕಕ್ಕೆ ಇಬ್ಬರು ಕೃಷ್ಣರು, ಇಬ್ಬರು ದುರ್ಯೋಧನರು. ಅರ್ಧ ಇವರದು, ಅರ್ಧ ಅವರದು. ತಿಂಗಳುಗಟ್ಟಲೆ ರಾತ್ರಿ ಊಟವಾದ ಮೇಲೆ ದೇವಸ್ಥಾನದ ಜಗಲಿಯಲ್ಲಿ ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಒತ್ತುತ್ತಾರೆ. ‘ಶ್ರುತಿ ಬಿಟ್ಟೆ ಕಣಯ್ಯ, ಇನ್ನೊಂದ್ಸಲ’ ಎಂದು ಗದರಿಸುತ್ತಾರೆ. ಹಗಲೆಲ್ಲ ‘ಚಿಲ್ಲರೆ ಕೊಡ್ರಿ’ ಎಂದು ಒರಟಾಗಿದ್ದ ಗಂಟಲು ಕಂದಪದ್ಯದ ಕೊನೆಯ ಸಾಲನ್ನು ಎಳೆಯಲು ಒದ್ದಾಡುತ್ತದೆ.

ನಾಟಕದ ರಾತ್ರಿ ಬಾಡಿಗೆ ಕಿರೀಟ ಜಾರುತ್ತದೆ, ಗದೆಗೆ ಬಳಿದ ಬಣ್ಣ ಅಂಗೈಗೆ ಮೆತ್ತುತ್ತದೆ, ಮೈಕು ಕಿರುಚುತ್ತದೆ. ನೆಂಟರು ರಂಗದ ಮೇಲೇ ಹತ್ತಿ ನೋಟಿನ ಹಾರ ಹಾಕುವಾಗ ಯುದ್ಧ ಐದು ನಿಮಿಷ ನಿಲ್ಲುತ್ತದೆ. ಕಲೆಯ ದೃಷ್ಟಿಯಿಂದ ಇದು ಎಂಥದು ಎಂದು ವಿಮರ್ಶಕರು ಹೇಳಲಿ. ನನಗೆ ಕಾಣುವುದಿಷ್ಟು: ಆ ಕಂಡಕ್ಟರ್ ಊರಿಗೆ ಕಂಡಕ್ಟರ್ ಅಲ್ಲ, ‘ನಮ್ ಕರ್ಣ’. ಡಿಪೋ ಮ್ಯಾನೇಜರ್ ಅದನ್ನು ಕೊಟ್ಟಿಲ್ಲ, ಕಿತ್ತುಕೊಳ್ಳಲೂ ಆಗದು.

ಮಾಸ್ತಿಯವರ ದಾರಿ ಬೇರೆ, ಆದರೆ ಫಲ ಇದೇ. ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಯಾಗಿದ್ದವರು, ತಮಗಿಂತ ಕಿರಿಯರನ್ನು ಮೇಲಿನ ಹುದ್ದೆಗೆ ಏರಿಸಿದರೆಂದು 1943ರಲ್ಲಿ ನೌಕರಿ ಬಿಟ್ಟು ಬಂದರು. ಕತೆ ಬರೆದರು, ‘ಜೀವನ’ ಪತ್ರಿಕೆ ನಡೆಸಿದರು, ಸಂಜೆ ಕ್ಲಬ್ಬಿನಲ್ಲಿ ಇಸ್ಪೀಟಾಡಿದರು. ಜ್ಞಾನಪೀಠ ಬಂದದ್ದು 1983ರ ಸಾಲಿಗೆ. ಅವರ ಬದಲು ಆ ಹುದ್ದೆಗೆ ಏರಿದವರ ಹೆಸರು ಇವತ್ತು ಯಾರ ಬಾಯಲ್ಲಿದೆ?

ಎಲ್ಲರೂ ಮಾಸ್ತಿಯಾಗುವುದಿಲ್ಲ, ಎರಡನೇ ದುರ್ಯೋಧನ ಆಗಬಹುದು. ನಿವೃತ್ತಿಗೆ ಇನ್ನೂ ನಾಲ್ಕೈದು ವರ್ಷ ಇದ್ದರೆ ಈಗಲೇ ಒಬ್ಬ ಡ್ರಾಮಾ ಮೇಷ್ಟ್ರನ್ನೋ, ಭಜನೆ ಮೇಳವನ್ನೋ, ತೋಟದ ಮೂಲೆಯನ್ನೋ ಹುಡುಕಿಕೊಳ್ಳಿ. ಹಾರ ಬಿದ್ದ ಮೇಲೆ ಹೊರಟರೆ ತಡವಾಗುತ್ತದೆ. ಹೊಸಬರಿಗೆ ಮೊದಲ ವರ್ಷ ಸೈಂಧವನ ಪಾತ್ರಕ್ಕಿಂತ ದೊಡ್ಡದು ಕೊಡುವುದಿಲ್ಲ.